ಕುಡಿದ ರಾಜರೂ ನೀರಿನ ಪಾಳಿಯೂ

ನಾನು ಕುಡಿಯುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದಿನದನ್ನೆಲ್ಲ ಕೇಳಿದ ಮೇಲೆ ಯಾರೂ ಇದನ್ನು ನಂಬುವುದಿಲ್ಲ. ಮನುಷ್ಯನ ಕೈಯಲ್ಲಿ ಒಂದಾದರೂ ವಿದ್ಯೆ ಇರಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ವಿದ್ಯೆ ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥದ್ದಾಗಿರಬೇಕು ಎಂಬುದನ್ನು ಮಾತ್ರ ಹೇಳಲು ಮರೆತರು. ನನಗೆ ಒಲಿದದ್ದು ಇಸ್ಪೀಟಿನ ಜಾದು. ಅದೂ ಮಕ್ಕಳ ಹುಟ್ಟುಹಬ್ಬದಲ್ಲಿ ಟೋಪಿಯಿಂದ ಪಾರಿವಾಳ ತೆಗೆಯುವ ಸಭ್ಯ ಜಾದು ಅಲ್ಲ. ಬಾರುಗಳಲ್ಲಿ, ಪಾರ್ಟಿಗಳಲ್ಲಿ, ಬಾಟಲಿ ಗ್ಲಾಸುಗಳ ನಡುವೆ ನಿಂತು, ಕುಡುಕರ ಕಥೆ ಹೇಳುತ್ತ, ದೊಡ್ಡವರಿಗಾಗಿ ಎಲೆ ತಿರುಗಿಸುವ ಜಾದು. ಔರಾದ, ಭಾಲ್ಕಿ, ಬೀದರ ಈ ಮೂರೂ ಊರಿನ ಬಾರುಗಳಲ್ಲಿ ನಾನು ನಿಲ್ಲದ ಮೂಲೆಯಿಲ್ಲ. ತುಟಿಗೆ ಮುಟ್ಟಿಸಿದ ಗ್ಲಾಸು ಒಂದೂ ಇಲ್ಲ. ಆದರೂ ಮನೆಗೆ ಬಂದಾಗ ಅಂಗಿಯ ವಾಸನೆಗೆ ಹೆಂಡತಿ ಕಸ್ತೂರಬಾಯಿ ಮೂಗು ಮುಚ್ಚಿಕೊಳ್ಳುತ್ತಾಳೆ. ಕುಡಿದು ಬಂದವನಿಗೆ ಆಗುವ ಅವಮಾನವೆಲ್ಲ ನನಗೆ ಕುಡಿಯದೆಯೇ ಆಗಿದೆ.

ನನ್ನ ಹೊಟ್ಟೆಪಾಡು ಔರಾದಿನ ಒಂದು ಸಣ್ಣ ಛಾಪಖಾನೆಯಲ್ಲಿ. ಲಗ್ನಪತ್ರಿಕೆಗಳನ್ನು ಕತ್ತರಿಸಿ, ಅಂಚು ಸರಿಮಾಡಿ, ನೂರು ನೂರರ ಕಟ್ಟು ಕಟ್ಟುವವನು ನಾನು. ಇಪ್ಪತ್ತು ವರ್ಷ ಕಾಗದವನ್ನು ಬೆರಳ ತುದಿಯಲ್ಲಿ ಬೀಸಣಿಗೆಯಂತೆ ಬಿಡಿಸಿ ಬಿಡಿಸಿ, ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಎತ್ತಿದರೂ ಹತ್ತಕ್ಕೆ ಹತ್ತೇ ಪತ್ರಿಕೆ ಕೈಗೆ ಬರುವ ಮಟ್ಟಕ್ಕೆ ಬಂದಿದ್ದೆ. ಈ ಕೈಯನ್ನು ಮೊದಲು ಗುರುತಿಸಿದವನು ಛಾಪಖಾನೆಯ ಎದುರಿಗೆ ಪಂಕ್ಚರ್ ಅಂಗಡಿ ಇಟ್ಟಿರುವ ನನ್ನ ಗೆಳೆಯ ಖಾಜಾಮಿಯಾ. ಬೀದರಿನ ಜಾತ್ರೆಯಲ್ಲಿ ಯಾರೋ ಜಾದುಗಾರನ ಹತ್ತಿರ ಒಂದು ಇಸ್ಪೀಟು ಕಟ್ಟು, ಒಂದು ಹರಿದ ಪುಸ್ತಕ ಕೊಂಡುತಂದು ನನ್ನ ಮುಂದೆ ಎಸೆದ. ಆರು ತಿಂಗಳು ಅಡುಗೆಮನೆಯಲ್ಲಿ ಕೂತು, ರೊಟ್ಟಿ ಬಡಿಯುವ ಕಸ್ತೂರಬಾಯಿಯನ್ನೇ ಪ್ರೇಕ್ಷಕಿಯನ್ನಾಗಿ ಮಾಡಿಕೊಂಡು ಕಲಿತೆ. ಅವಳು ತಲೆ ಎತ್ತದೆಯೇ "ಕಂಡ್ತು" ಅನ್ನುವಳು. ಮತ್ತೆ ಮಾಡುವೆ. "ಮತ್ತ ಕಂಡ್ತು." ಅವಳಿಗೆ ಕಾಣದ ಹಾಗೆ ಮಾಡಿದ ದಿನ ನನಗೆ ವಿದ್ಯೆ ಬಂತು ಎಂದುಕೊಂಡೆ.

ನನ್ನ ಹೆಸರುವಾಸಿ ಆಟ ನಾಲ್ವರು ರಾಜರದು. ನಾಲ್ಕು ರಾಜರನ್ನು ತೋರಿಸಿ, ಒಬ್ಬನನ್ನು ಬೀದರಿನ ಬಾರಿಗೆ, ಒಬ್ಬನನ್ನು ಭಾಲ್ಕಿಯ ಬಾರಿಗೆ, ಒಬ್ಬನನ್ನು ಔರಾದಿನ ಬಾರಿಗೆ ಎಂದು ಕಟ್ಟಿನ ಮೂರು ಕಡೆ ತೂರಿಸುತ್ತೇನೆ. ನಾಲ್ಕನೆಯವನು ಹೆಂಡತಿಗೆ ಹೆದರಿ ಮನೆಯಲ್ಲೇ ಉಳಿಯುತ್ತಾನೆ. ಆಮೇಲೆ ಬಾಟಲಿಯ ತಳದಿಂದ ಕಟ್ಟಿನ ಮೇಲೆ ಒಂದು ಏಟು. ತೆರೆದರೆ ನಾಲ್ವರೂ ಒಂದೇ ಕಡೆ ಇರುತ್ತಾರೆ. ಮೂವರು ಕುಡಿದು ಬೋರಲು ಬಿದ್ದಿರುತ್ತಾರೆ, ಮನೆಯಲ್ಲಿದ್ದವನು ಮಾತ್ರ ಮುಖ ಮೇಲೆ ಮಾಡಿಕೊಂಡು ಅವರನ್ನು ಹುಡುಕಲು ಬಂದಿರುತ್ತಾನೆ. ಇನ್ನೊಂದು ಆಟದಲ್ಲಿ ನೀವು ನೆನೆಸಿಕೊಂಡ ಎಲೆ ನೀವೇ ಕುಡಿಯುತ್ತಿರುವ ಗ್ಲಾಸಿನ ತಳಕ್ಕೆ ಅಂಟಿಕೊಂಡಿರುತ್ತದೆ. ಮತ್ತೊಂದರಲ್ಲಿ ಎಲೆಗಳನ್ನು ಒಂದೊಂದಾಗಿ ಮೂಸಿ, ಕುಡಿದವನು ಮುಟ್ಟಿದ ಎಲೆ ಯಾವುದೆಂದು ಹೇಳುತ್ತೇನೆ. ಬಾರಿನಲ್ಲಿ ಎಲ್ಲ ಎಲೆಗಳೂ ಒಂದೇ ವಾಸನೆ ಹೊಡೆಯುತ್ತವೆ ಎಂಬ ಸಂಶಯ ಇದುವರೆಗೆ ಯಾರಿಗೂ ಬಂದಿಲ್ಲ.

ಇದನ್ನೆಲ್ಲ ಸುಖದ ಕೆಲಸ ಎಂದು ಯಾರಾದರೂ ತಿಳಿದಿದ್ದರೆ ಒಂದು ಸಂಜೆ ನನ್ನ ಜಾಗದಲ್ಲಿ ನಿಂತು ನೋಡಲಿ. ಜಾದುವಿಗೆ ಬೇಕಾದದ್ದು ಒಂದೇ: ಎಲೆ ಎಳೆದವನು ತನ್ನ ಎಲೆ ಯಾವುದೆಂದು ನೆನಪಿಟ್ಟುಕೊಳ್ಳಬೇಕು. ಕುಡಿದವನು ಅದೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ನೆನಪಿಟ್ಟುಕೊಳ್ಳುತ್ತಾನೆ. ನಾನು ಬೆವರು ಸುರಿಸಿ, ಗ್ಲಾಸಿನ ತಳದಿಂದ ಕೆಂಪು ಬದಾಮಿನ ರಾಣಿಯನ್ನು ತೆಗೆದು "ಇದೇ ಅಲ್ಲವೇ?" ಎಂದರೆ, ಅವನು ರಾಣಿಯನ್ನು ಬಹಳ ಹೊತ್ತು ನೋಡಿ, "ಇರಬಹುದ್ರಿ, ನೀವು ಹೇಳ್ಲತ್ತೀರಿ ಅಂದ್ರ ಇದೇ ಇರ್ತದ" ಎಂದು ದೊಡ್ಡ ಮನಸ್ಸಿನಿಂದ ಒಪ್ಪಿಕೊಳ್ಳುತ್ತಾನೆ. ಕಳ್ಳನನ್ನು ಹಿಡಿದುಕೊಟ್ಟ ಮೇಲೆ ಕಳುವೇ ಆಗಿಲ್ಲ ಎಂದಂತೆ. ಒಮ್ಮೆ ಭಾಲ್ಕಿಯಲ್ಲಿ ಕಬ್ಬು ಕಡಿಯುವವರ ಒಬ್ಬ ಮುಕಾದಮ, ತನ್ನ ತಂಡವನ್ನು ಮಹಾರಾಷ್ಟ್ರಕ್ಕೆ ಕರೆದೊಯ್ಯುವ ಮೊದಲು ಅವರಿಗೆಲ್ಲ ಪಾರ್ಟಿ ಇಟ್ಟಿದ್ದ. ಅವರಲ್ಲೊಬ್ಬನ ಕೈಯಲ್ಲಿ ಚೌಕಟಿನ ಒಂಬತ್ತರ ಮೇಲೆ ರುಜು ಹಾಕಿಸಿದ್ದೆ. ಅಷ್ಟರಲ್ಲಿ ಹೊರಗೆ ಲಾರಿ ಹಾರ್ನ್ ಹೊಡೆಯಿತು. ಅವನು ಎಲೆಯನ್ನು ಜೇಬಿನಲ್ಲಿಟ್ಟುಕೊಂಡು, ನನಗೆ ಕೈ ಮುಗಿದು, ಲಾರಿ ಹತ್ತಿ ಹೋಗಿಯೇಬಿಟ್ಟ. ಆ ವರ್ಷವೆಲ್ಲ ಐವತ್ತೊಂದು ಎಲೆಗಳಲ್ಲೇ ಸಂಸಾರ ಮಾಡಿದೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಊರು ಬಿಡುವವನು ಊರಿನದೆಂದು ಏನಾದರೂ ಒಯ್ಯಬೇಕಲ್ಲ.

ಎರಡು ವರ್ಷ ಮಳೆ ಕೈಕೊಟ್ಟ ಕಾಲ ಅದು. ಜನ ಹೈದರಾಬಾದಿಗೆ, ಪುಣೆಗೆ ಬಸ್ಸು ಹತ್ತುತ್ತಿದ್ದರು. ಹೋಗುವವರು ಒಂದು ಪಾರ್ಟಿ ಕೊಡುತ್ತಿದ್ದರು, ಹಬ್ಬಕ್ಕೆ ಬಂದವರು ಇನ್ನೊಂದು ಕೊಡುತ್ತಿದ್ದರು. ಲಗ್ನಗಳು ಮುಂದಕ್ಕೆ ಹೋಗಿ ಛಾಪಖಾನೆಯಲ್ಲಿ ಕೆಲಸವಿಲ್ಲದೆ ನೊಣ ಹೊಡೆಯುತ್ತಿದ್ದ ನನಗೆ ಬಾರಿನಲ್ಲಿ ಪುರಸೊತ್ತಿರಲಿಲ್ಲ. ಆದರೆ ಅಲ್ಲೂ ನೀರಿನ ಕಾಟ. ತುಂಬಿದ ಗ್ಲಾಸಿನ ಬಾಯಿಗೆ ಒಂದು ಎಲೆ ಮುಚ್ಚಿ, ಗ್ಲಾಸು ತಲೆಕೆಳಗೆ ಮಾಡಿದರೂ ನೀರು ಬೀಳದಂತೆ ನಿಲ್ಲಿಸುವ ನನ್ನ ಆಟವನ್ನು ಬಾರಿನ ಮಾಲೀಕರು ನಿಲ್ಲಿಸಿಬಿಟ್ಟರು. "ಬೇಕಂದ್ರ ವಿಸ್ಕಿಲೇ ಮಾಡ್ರಿ, ನೀರು ಮಾತ್ರ ಕೇಳಬ್ಯಾಡ್ರಿ" ಎಂದರು ಒಬ್ಬರು. ಬೀದರಿನ ಒಂದು ಬಾರಿನಲ್ಲಿ ಹೇಗೋ ಕಾಡಿಬೇಡಿ ಒಂದು ಗ್ಲಾಸು ನೀರು ಪಡೆದು ಮೇಜಿನ ಮೇಲಿಟ್ಟು, ಎಲೆ ಹುಡುಕುವಷ್ಟರಲ್ಲಿ ಎದುರಿಗಿದ್ದ ಗಿರಾಕಿ ಅದನ್ನು ಎತ್ತಿ ಗಟಗಟ ಕುಡಿದು, "ವಾಹ್, ಏನು ಜಾದು" ಎಂದ. ಅವತ್ತು ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ಬಿದ್ದದ್ದು ಅವನಿಗೇ.

ಇಷ್ಟಾದರೂ ನಾನು ತಾಳಿಕೊಂಡಿದ್ದೆ. ನನ್ನ ತಾಳ್ಮೆ ಕೆಟ್ಟದ್ದು ನಮ್ಮದೇ ಓಣಿಯಲ್ಲಿ. ನಮ್ಮ ಬದಿಯ ಏಳು ಗಲ್ಲಿಗಳಿಗೆ ಸೇರಿ ದಿನಕ್ಕೆ ಒಂದೇ ಟ್ಯಾಂಕರು ಬರುತ್ತಿತ್ತು. ಒಂದು ದಿನ ಒಂದು ಗಲ್ಲಿಗೆ. ಯಾವ ಗಲ್ಲಿಗೆ ಯಾವ ದಿನ ಎಂಬ ಜಗಳ ತಮಗೆ ಬೇಡ, ನೀವು ನೀವೇ ಬಗೆಹರಿಸಿಕೊಳ್ಳಿ ಎಂದು ಟ್ಯಾಂಕರು ಕಳಿಸುವವರು ಕೈ ತೊಳೆದುಕೊಂಡರು. ಕೈ ತೊಳೆಯುವಷ್ಟು ನೀರು ಅವರಲ್ಲಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಏಳು ಗಲ್ಲಿಯವರೂ ಚಹಾದ ಹೋಟೆಲಿನ ತಗಡಿನ ನೆರಳಿನಲ್ಲಿ ಸೇರಿ ಮುಂದಿನ ವಾರದ ಪಾಳಿಗೆ ಚೀಟಿ ಎತ್ತತೊಡಗಿದರು. ಇದರ ಯಜಮಾನಿಕೆ ಮಾಣಿಕರಾವ್ ಅವರದು. ಅವರು ನಿವೃತ್ತ ಡ್ರಿಲ್ ಮಾಸ್ತರರು. ಮಾತಾಡುವಾಗ ಈಗಲೂ ಸೀಟಿಗಾಗಿ ಕೊರಳು ಮುಟ್ಟಿ ನೋಡಿಕೊಳ್ಳುತ್ತಾರೆ. ಚೀಟಿಯ ಮಡಿಕೆ ನೋಡಿಯೇ ಕೆಲವರು ಗುರುತು ಹಿಡಿಯುತ್ತಾರೆಂದು ಗಲಾಟೆಯಾದ ಮೇಲೆ, ಚೀಟಿ ಬಿಟ್ಟು ಇಸ್ಪೀಟಿನ ಎಲೆ ಇಡೋಣ, ಎಕ್ಕದಿಂದ ಏಳರವರೆಗೆ ಗಲ್ಲಿಗೊಂದು ಎಲೆ ಎಂದು ಅವರೇ ಉಪಾಯ ಹೇಳಿದರು. ಹೋಟೆಲಿನಲ್ಲಿ ದಿನವೂ ರಮ್ಮಿ ಆಡುವ ಹಳೆಯ ಕಟ್ಟೊಂದಿತ್ತು, ಅದನ್ನೇ ತಂದರು. ಯಾರಿಗೂ ಒಂದು ಸಣ್ಣ ವಿಷಯ ಹೊಳೆಯಲಿಲ್ಲ. ವರ್ಷಗಟ್ಟಲೆ ಅದೇ ಎಲೆಗಳಲ್ಲಿ ಆಡಿದ ಜನ, ಪ್ರತಿ ಎಲೆಯ ಬೆನ್ನನ್ನೂ ಸ್ವಂತ ಮಕ್ಕಳ ಬೆನ್ನಿನಂತೆ ಬಲ್ಲವರಾಗಿದ್ದರು. ಬೋರಲು ಇಟ್ಟ ಎಲೆಗಳ ಸುತ್ತ ನಿಂತು, "ಆ ಅರಿಷಿಣ ಹತ್ತಿದ್ದು ನಮ್ದು ನಾಲ್ಕು", "ಮೂಲಿ ಹರಿದದ್ದು ನಿಮ್ಮ ಎಕ್ಕಾ" ಎಂದು ಎಲ್ಲರೂ ಏಕಕಂಠದಿಂದ ಹೇಳಿದರು.

ಹೀಗಾಗಿ ಕಲೆಯಿಲ್ಲದ ಹೊಸ ಕಟ್ಟು ಬೇಕಾಯಿತು. ಅದು ಇದ್ದದ್ದು ನನ್ನೊಬ್ಬನ ಹತ್ತಿರ. "ನಿಮ್ಮ ಕಟ್ಟ ಅದ, ನಿಮಗ ಕಲಸಲಾಕ ಬರ್ತದ, ನೀವು ಜೂಜು ಆಡಂಗಿಲ್ಲ, ಕುಡಿಯಂಗಿಲ್ಲ. ನೀವೇ ಎಲಿ ತೆಗೀರಿ" ಎಂದರು ಮಾಣಿಕರಾವ್. ನಾನು ಕುಡಿಯುವುದಿಲ್ಲವೆಂದು ನಾಲ್ಕು ಜನರ ಮುಂದೆ ಒಪ್ಪಿಕೊಂಡ ಮೊದಲ ಮನುಷ್ಯ ಅವರು. ಆ ಸಂತೋಷದಲ್ಲಿ ಹೂಂ ಎಂದುಬಿಟ್ಟೆ. ಏಳು ಎಲೆ ಕಲಸಿ, ಮೇಲಿನಿಂದ ಒಂದೊಂದಾಗಿ ತಿರುಗಿಸುವುದು. ಮೊದಲು ಬಂದದ್ದಕ್ಕೆ ಸೋಮವಾರ, ಕೊನೆಗೆ ಬಂದದ್ದಕ್ಕೆ ಭಾನುವಾರ. ನಮ್ಮದು ಐದನೇ ಗಲ್ಲಿ. ಸುತ್ತ ನೂರು ಜನ ಕೊಡ ಹಿಡಿದವರಂತೆ ಮುಖ ಮಾಡಿ ನಿಂತಿದ್ದನ್ನು ನೋಡಿ, ಬಾರಿನಲ್ಲಿ ಒಂದು ದಿನವೂ ನಡುಗದ ನನ್ನ ಕೈ ಗಡಗಡ ನಡುಗಿತು. ದೇವರಾಣೆ ಮಾಡಿ ಹೇಳುತ್ತೇನೆ, ಯಾವ ಕರಾಮತ್ತೂ ಮಾಡದೆ ಎಲೆ ತಿರುಗಿಸಿದೆ. ಮೊದಲು ಬಂದದ್ದು ಐದು.

ಅವತ್ತು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಅಷ್ಟೇ. ಮುಂದಿನ ಭಾನುವಾರ ಮಾಣಿಕರಾವ್ ನನಗೆ ತೋಳು ಮಡಿಸಲು ಹೇಳಿದರು. ಮಡಿಸಿದೆ. ಯಾರೋ ಅಂಗಿಯನ್ನೇ ತೆಗೆಯಲಿ ಎಂದರು. ತೆಗೆದೆ. ತೂತು ಬಿದ್ದ ಬನಿಯನ್ನಿನಲ್ಲಿ ಏಳು ಗಲ್ಲಿಯ ಹೆಣ್ಣುಮಕ್ಕಳ ಮುಂದೆ ನಿಂತು, ಮೊದಲಿಗಿಂತ ಹೆಚ್ಚು ನಡುಗುತ್ತ, ಮೊದಲಿನಷ್ಟೇ ಪ್ರಾಮಾಣಿಕವಾಗಿ ಎಲೆ ತಿರುಗಿಸಿದೆ. ಮತ್ತೆ ಐದು! ಆ ಎಲೆಯ ಮುಖಕ್ಕೆ ಎರಡು ಬಾರಿಸಬೇಕು ಅನ್ನಿಸಿತು. "ಕೈ ನಡುಗೋದು ನೋಡ್ರಿ, ತಪ್ಪು ಮಾಡಿದವ್ರದೇ ಹಂಗ ನಡುಗೋದು" ಎಂದು ಹಿಂದಿನಿಂದ ಒಂದು ದನಿ ಬಂತು. ಈ ಉರಿಗೆ ತುಪ್ಪ ಹೊಯ್ದವನು ನನ್ನ ಪ್ರಾಣಸ್ನೇಹಿತ ಖಾಜಾಮಿಯಾ. ನನ್ನ ಪರವಾಗಿ ವಾದಿಸುವ ಹುರುಪಿನಲ್ಲಿ ಅವನು, ನಾಲ್ಕು ರಾಜರನ್ನು ಮೂರು ಊರಿಗೆ ಕಳಿಸಿ ವಾಪಸು ತರುವ ಉಸ್ತಾದನಿಗೆ ಒಂದು ಐದನ್ನು ಮೇಲೆ ತರುವುದು ಯಾವ ದೊಡ್ಡ ಮಾತು, ಮೋಸ ಮಾಡುವುದೇ ಆಗಿದ್ದರೆ ಇವನು ನಿಮಗೆ ಗೊತ್ತೇ ಆಗದಂತೆ ಮಾಡುತ್ತಿದ್ದ ಎಂದು ಗಟ್ಟಿಯಾಗಿ ಸಾರಿದ. ನಾನು ಗೊತ್ತೇ ಆಗದಂತೆ ಮಾಡಿದ್ದೇನೆಂಬುದು ಆಮೇಲೆ ಎಲ್ಲರಿಗೂ ಖಾತ್ರಿಯಾಯಿತು.

ಆ ವಾರ ನಾನು ಅನುಭವಿಸಿದ್ದು ಯಾರಿಗೂ ಬೇಡ. ಬೈಯುವವರು ಬೈದರು, ಅದನ್ನು ಸಹಿಸಬಹುದು. ಒಲಿಸಿಕೊಳ್ಳಲು ಬಂದವರನ್ನು ಹೇಗೆ ಸಹಿಸುವುದು? ಎರಡನೇ ಗಲ್ಲಿಯಿಂದ ಒಬ್ಬರು ಛಾಪಖಾನೆಗೇ ಬಂದು, ಮಗನ ಲಗ್ನಪತ್ರಿಕೆ ನಿಮ್ಮಲ್ಲೇ ಹಾಕಿಸುತ್ತೇನೆ, ನಮ್ಮ ಎಲೆ ಸ್ವಲ್ಪ ಮೇಲೆ ಬರಲಿ ಎಂದರು. ಅವರ ಮಗ ಇನ್ನೂ ಏಳನೇ ಇಯತ್ತೆಯಲ್ಲಿದ್ದ. ಇನ್ನೊಬ್ಬರು ಕಾಗದದಲ್ಲಿ ಸುತ್ತಿದ ಬಾಟಲಿ ತಂದು ಹೊಸ್ತಿಲಲ್ಲಿ ಇಟ್ಟುಹೋದರು. ಊರು ಬಿಟ್ಟು ಹೋದವರ ಬೀಗ ಹಾಕಿದ ಮನೆಗಳ ಮುಂದೆಯೂ ಡ್ರಮ್ಮುಗಳು ಪಾಳಿಯಲ್ಲಿ ನಿಲ್ಲುತ್ತಿದ್ದ ಕಾಲ. ಪುಣೆಗೆ ಹೋದವರೊಬ್ಬರು ಕೂಡ ಅಲ್ಲಿಂದಲೇ ಅಣ್ಣನ ಕೈಲಿ ನನಗೆ ಹೇಳಿಕಳಿಸಿದರು, ನಮ್ಮ ಗಲ್ಲಿಯನ್ನು ಮರೆಯಬೇಡಿ ಎಂದು. ನಾನು ಇಲ್ಲ, ನನ್ನ ಕೈಯಲ್ಲಿ ಏನೂ ಇಲ್ಲ ಎಂದಷ್ಟೂ ಅವರು ನನ್ನ ಕೈಯನ್ನೇ ಭಕ್ತಿಯಿಂದ ನೋಡುತ್ತಿದ್ದರು.

ಇಷ್ಟು ಸಾಲದೆಂಬಂತೆ ಮನೆಯಲ್ಲಿ ಬಾಣಂತಿ. ಭಾಲ್ಕಿಗೆ ಕೊಟ್ಟ ಮಗಳು ಜ್ಯೋತಿ ಚೊಚ್ಚಲ ಹೆರಿಗೆಗೆ ಬಂದಿದ್ದಳು, ಹೆಣ್ಣು ಮಗು ಹುಟ್ಟಿತ್ತು. ಬಾಣಂತಿಗೂ ಕೂಸಿಗೂ ಎರೆಯುವುದಕ್ಕೆ ಎಷ್ಟು ನೀರು ಬೇಕೆಂಬುದನ್ನು ಹೆಂಗಸರನ್ನೇ ಕೇಳಬೇಕು. ಮೇಲಾಗಿ ಬರುವ ಬುಧವಾರ ತೊಟ್ಟಿಲ ಕಾರ್ಯ. ಬೀಗರು ಭಾಲ್ಕಿಯಿಂದ ಒಂದು ಟೆಂಪೋ ತುಂಬ ಬರುವವರು. ಶನಿವಾರ ಬೆಳಿಗ್ಗೆ ಕಸ್ತೂರಬಾಯಿ ಡ್ರಮ್ಮಿನ ಮುಚ್ಚಳ ತೆಗೆದು ತೋರಿಸಿದಳು. ತಳದಲ್ಲಿ ಒಂದು ಗೇಣು ನೀರಿತ್ತು.

"ನಾಳಿ ಐತಾರ. ಸೋಮಾರ ಇಲ್ಲಾ ಮಂಗಳಾರ ನಮ್ಮ ಗಲ್ಲಿಗಿ ಬರಬೇಕ್ರಿ" ಎಂದಳು.

"ನನ್ನ ಕೈಯಾಗ ಏನದ?"

"ಊರ ಕುಡುಕರಿಗಿ ಕೇಳಿದ ಎಲಿ ತೆಗೆದು ಕೊಡ್ತೀರಿ. ಕೂಸಿಗಿ ಎರೀಲಾಕ ಒಂದ ಎಲಿ ಬರಂಗಿಲ್ಲೇನ್ರಿ?"

ಅವಳು ಇದನ್ನು ಸಿಟ್ಟಿನಿಂದ ಹೇಳಲಿಲ್ಲ, ನಿಜವಾಗಿಯೂ ಕೇಳಿದಳು. ನಾನೇ ಸಿಟ್ಟು ಮಾಡಿಕೊಂಡು ಛಾಪಖಾನೆಗೆ ಹೋದೆ. ಕತ್ತರಿಸಲು ಕಾಗದವಿರಲಿಲ್ಲ. ಸಂಜೆಯವರೆಗೆ ಬರಿದೆ ಕೂತು ಏಳು ಗಲ್ಲಿಗೂ, ಮೋಡಕ್ಕೂ, ಖಾಜಾಮಿಯಾಗೂ ಮನಸ್ಸಿನಲ್ಲೇ ಶಾಪ ಹಾಕಿದೆ.

ಮೂರನೇ ಭಾನುವಾರ ಬನಿಯನ್ನಿನಲ್ಲಿ ಹೋಗಿ ನಿಂತಾಗ ನನ್ನೊಳಗೆ ಏನಾಯಿತೋ ತಿಳಿಯದು. ಎದುರಿಗಿದ್ದ ಅಷ್ಟೂ ಮುಖಗಳಲ್ಲಿ "ಇವತ್ತೂ ಐದೇ" ಎಂದು ಬರೆದಿತ್ತು. ಎರಡು ವಾರ ಸತ್ಯ ಹಿಡಿದು ನಡುಗಿದ್ದಕ್ಕೆ ಸಿಕ್ಕ ಮರ್ಯಾದೆ ಇದು. ಸಾಕಾಗಿ ಹೋಯಿತು. ಇವತ್ತು ಐದು ಮೇಲೆ ಬಂದರೆ ನಾನು ಕಳ್ಳನೇ, ಬಾರದಿದ್ದರೆ ಪಾರಾದೆ. ಅಡಿಯ ಎಲೆಯನ್ನು ಅಡಿಯಲ್ಲೇ ಉಳಿಸಿಕೊಂಡು ಮೇಲಿನವನ್ನೆಲ್ಲ ಕಲಸುವುದು ಈ ವಿದ್ಯೆಯಲ್ಲಿ ಮೊದಲ ವಾರದ ಪಾಠ. ಐದನ್ನು ಅಡಿಗೆ ಹಾಕಿದೆ. ಹಾಕಿದ್ದೇ ತಡ, ಕೈ ನೆಟ್ಟಗಾಯಿತು, ಬಾಯಿಗೆ ತಾನೇ ಮಾತು ಬಂತು. ನಾಲ್ವರು ರಾಜರು ಬಾರಿಗೆ ಹೋದ ಕಥೆ ಹೇಳಿದೆ. ಬಾರಿನಲ್ಲಿ ನೀರು ಕೇಳಿ ಒದೆ ತಿಂದ ರಾಜನನ್ನು ಹೊಸದಾಗಿ ಸೇರಿಸಿದೆ. ಕೊಡ ಹಿಡಿದ ಹೆಂಗಸರೂ ಸೆರಗು ಬಾಯಿಗಿಟ್ಟು ನಕ್ಕರು. ನಗುವಿನ ನಡುವೆ ಎಲೆ ತಿರುಗಿಸಿದೆ. ಮೊದಲು ಬಂದದ್ದು ಮೂರು, ಮಾಣಿಕರಾವ್ ಅವರ ಗಲ್ಲಿ. ಅದು ನನ್ನ ಕೆಲಸವಲ್ಲ, ತಾನಾಗಿ ಬಂದದ್ದು. ಎಲ್ಲಕ್ಕಿಂತ ಕೊನೆಗೆ ಐದು.

ಚಪ್ಪಾಳೆ ಬಿತ್ತು. ಜಾದುವಿಗಲ್ಲ, ನನ್ನ ಪ್ರಾಮಾಣಿಕತೆಗೆ. ಮಾಣಿಕರಾವ್ ಬೆನ್ನು ತಟ್ಟಿ, "ಇವತ್ತ ಖರೇ ಎಲಿ ತೆಗೆದಂಗ ಆಯ್ತು ನೋಡ್ರಿ. ಕೈ ನೋಡ್ರಿ, ಒಂದ್ ಚೂರೂ ನಡುಗಲಿಲ್ಲ" ಎಂದು ಎಲ್ಲರಿಗೂ ತೋರಿಸಿದರು. ಬೈದವರು ಬಂದು ಮಾಫಿ ಕೇಳಿದರು. ನಾನು ಅಂಗಿ ತೊಟ್ಟುಕೊಂಡು ವಿನಯದಿಂದ ತಲೆ ಬಾಗಿಸಿದೆ. ಗುಂಪಿನಲ್ಲಿ ಖಾಲಿ ಕೊಡ ಸೊಂಟದಲ್ಲಿಟ್ಟುಕೊಂಡು ನಿಂತಿದ್ದ ಕಸ್ತೂರಬಾಯಿ ಮಾತ್ರ ನನ್ನನ್ನೇ ನೋಡುತ್ತಿದ್ದಳು.

ಮನೆಗೆ ಬಂದ ಮೇಲೆ ಅವಳು ಕೊಡವನ್ನು ಸದ್ದಾಗದಂತೆ ಕೆಳಗಿಟ್ಟಳು. ಸದ್ದು ಮಾಡಿ ಇಟ್ಟಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

"ಎರಡ ವಾರ ನಡುಗಿದ ಕೈ ಇವತ್ತ ಯಾಕ ನಡುಗಲಿಲ್ರಿ?" ಎಂದಳು. "ನೀವು ಖರೇ ಮಾಡುವಾಗ ನಡುಗ್ತೀರಿ. ಸುಳ್ಳು ಮಾಡುವಾಗ ಕಥಿ ಹೇಳ್ತೀರಿ. ನನಗ ಗೊತ್ತಿಲ್ಲೇನು?"

ಒಳಗೆ ಕೂಸು ಅಳುತ್ತಿತ್ತು. ಹೋದ ಸೋಮವಾರ ನಮ್ಮ ಗಲ್ಲಿಗೆ ಬಂದಿದ್ದ ಟ್ಯಾಂಕರು ಇನ್ನು ಬರುವುದು ಮುಂದಿನ ಭಾನುವಾರ. ಒಟ್ಟು ಹದಿಮೂರು ದಿನದ ಅಂತರ. ನಮ್ಮ ಮನೆಯೊಂದೇ ಅಲ್ಲ, ಗಲ್ಲಿಯ ಅಷ್ಟೂ ಮನೆಗಳ ಡ್ರಮ್ಮನ್ನು ನಾನು ಒಂದು ಚಪ್ಪಾಳೆಗಾಗಿ ಒಣಗಿಸಿದ್ದೆ. ಪಕ್ಕದ ಮನೆಯ ಕಲ್ಲವ್ವ ಎರಡು ಎಮ್ಮೆ ಕಟ್ಟಿಕೊಂಡಿದ್ದಾಳೆ. ಅವಳು ಬೇಲಿಯ ಆಚೆಯಿಂದ, ಇರಲಿ ಬಿಡು ತಮ್ಮಾ, ನಸೀಬು ಯಾರ ಕೈಯಾಗದ ಎಂದು ನನಗೇ ಸಮಾಧಾನ ಹೇಳಿದಳು. ಅವಳ ಮುಖ ನೋಡಲು ನನಗೆ ನಾಚಿಕೆಯಾಯಿತು. ಬೈದವರ ಮುಂದೆ ಎದೆಯೆತ್ತಿ ನಿಂತವನಿಗೆ ಆ ಸಮಾಧಾನದ ಮಾತಿನ ಮುಂದೆ ನಿಲ್ಲಲಾಗಲಿಲ್ಲ.

ಬುಧವಾರ ಬೆಳಿಗ್ಗೆ ಬಾಗಿಲಲ್ಲಿ ಮಾಣಿಕರಾವ್ ನಿಂತಿದ್ದರು. ಹಿಂದೆ ಖಾಜಾಮಿಯಾನ ಸೈಕಲ್ಲಿಗೆ ಕಟ್ಟಿದ ನಾಲ್ಕು ಕೊಡ ನೀರು. "ನಮ್ಮ ಗಲ್ಲಿಯವ್ರು ಕೊಟ್ಟಾರ್ರಿ. ಪ್ರಾಮಾಣಿಕ ಮನುಷಾರ ಮನ್ಯಾಗ ತೊಟ್ಟಿಲ ಕಾರ್ಯ ನಿಲ್ಲಬಾರದು" ಎಂದರು. ಆ ಮಾತು ಕೇಳಿ ನನ್ನ ಕಿವಿ ಕಾದವು. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕಸ್ತೂರಬಾಯಿ ಎರಡು ಕೊಡ ಬಾಣಂತಿಯ ಕೋಣೆಗೆ, ಒಂದು ಅಡುಗೆಮನೆಗೆ ಒಯ್ದು, ನಾಲ್ಕನೆಯದನ್ನು ಬೇಲಿ ದಾಟಿಸಿ ಕಲ್ಲವ್ವನ ಎಮ್ಮೆಗಳಿಗೆ ಕೊಟ್ಟಾಗಿತ್ತು. ಬೀಗರಿಗೆ ಒಣ ಚೂಡಾ, ಅರ್ಧರ್ಧ ಕಪ್ಪು ಚಹಾ ಕೊಟ್ಟು ತೊಟ್ಟಿಲ ಕಾರ್ಯ ಮುಗಿಸಿದೆವು. ಕಾರ್ಯ ಮುಗಿಯುವವರೆಗೂ ಇದ್ದ ಮಾಣಿಕರಾವ್ ಹೋಗುವ ಮೊದಲು ಏಳು ಗಲ್ಲಿಯವರೂ ಸೇರಿ ಮಾಡಿದ ಠರಾವು ತಿಳಿಸಿದರು. ಮಳೆ ಬರುವವರೆಗೆ ಎಲೆ ತೆಗೆಯುವವನು ನಾನೇ. ಒಂದೇ ಷರತ್ತು: ಸುಮ್ಮನೆ ನಡುಗುತ್ತ ನಿಲ್ಲಬಾರದು. ಮೊನ್ನೆಯ ಹಾಗೆ ರಾಜರ ಕಥೆ ಹೇಳುತ್ತ, ಗಟ್ಟಿ ಕೈಯಿಂದ ತೆಗೆಯಬೇಕು. ಹಾಗೆ ತೆಗೆದರೇನೇ ಜನಕ್ಕೆ ಭರವಸೆ.

ಬೀಗರ ಟೆಂಪೋ ಹೋದ ಮೇಲೆ ಕಸ್ತೂರಬಾಯಿ ಅಡುಗೆಮನೆಯಲ್ಲಿ ಹಿಟ್ಟು ಕಲಸುವ ಮೊದಲು ನನ್ನ ಮುಂದೆ ಏಳು ಎಲೆಗಳನ್ನು ತಂದಿಟ್ಟಳು. ಕಥೆಯನ್ನೂ ಹೇಳಬೇಕು, ಎಲೆಯನ್ನೂ ನಿಜವಾಗಿ ಕಲಸಬೇಕು, ಕೈಯೂ ನಡುಗಬಾರದು. ಮೋಸವನ್ನು ಅವಳಿಗೆ ಕಾಣದಂತೆ ಮಾಡಲು ನನಗೆ ಆರು ತಿಂಗಳು ಹಿಡಿದಿತ್ತು. ಭಾನುವಾರಕ್ಕೆ ನಡುವೆ ಮೂರೇ ದಿನ ಇದ್ದವು. ನಾಲ್ವರು ರಾಜರು ಬಾರಿಗೆ ಹೊರಟರು ಎಂದು ಶುರುಮಾಡಿ ಏಳೂ ಎಲೆಗಳನ್ನು ಒಂದನ್ನೂ ಹಿಡಿದಿಟ್ಟುಕೊಳ್ಳದೆ ಕಲಸಿದೆ. ಅವಳು ತಲೆ ಎತ್ತದೆಯೇ ರೊಟ್ಟಿ ಬಡಿಯುತ್ತ ಹೇಳಿದಳು:

"ನಡುಗ್ತು. ಇನ್ನೊಮ್ಮಿ ಮಾಡ್ರಿ."